ಓದುಗರ ಪ್ರಶ್ನೆ: ಹೂಳು, ಅದಿರು, ತೂಬಿನ ನೀರು ಮತ್ತು ‘ಸುಸ್ಥಿರ ಅಭಿವೃದ್ಧಿ’

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಒಂದೇ ಪದ ಬೇರೆ ಬೇರೆ ವೇಷ ಹಾಕಿಕೊಂಡು ಬಂದಿತ್ತು. ಹಾಗಾಗಿ ಎಲ್ಲವನ್ನೂ ಈ ಸಂಚಿಕೆಯಲ್ಲೇ ಒಟ್ಟಿಗೆ ತೆಗೆದುಕೊಂಡಿದ್ದೇವೆ. ನೀರು, ಮಣ್ಣು, ಗಣಿ ಕಾನೂನು ಬಲ್ಲ ನಮ್ಮ ಬಳಗದವರು ಉತ್ತರಿಸಿದ್ದಾರೆ.

ಪರೀಕ್ಷೆಗೆ ಓದುವ ಪುಸ್ತಕದಲ್ಲಿ ಸುಸ್ಥಿರ ಅಭಿವೃದ್ಧಿಗೆ ಎರಡು ಸಾಲಿನ ವ್ಯಾಖ್ಯೆ ಇದೆ. ಸರ್ಕಾರದ ಪ್ರತಿ ಯೋಜನೆಯಲ್ಲೂ ಆ ಪದ ಇದೆ. ನಿಜಕ್ಕೂ ಅದರಿಂದ ಏನು ಆಗಬೇಕು? — ಪದವಿ ವಿದ್ಯಾರ್ಥಿ, ಕೊಪ್ಪಳ

ನೀವು ಬಾಯಿಪಾಠ ಮಾಡಿರುವ ವಾಕ್ಯ 1987ರದ್ದು. ನಾರ್ವೆಯ ಪ್ರಧಾನಿ ಗ್ರೋ ಹಾರ್ಲೆಮ್ ಬ್ರಂಟ್‌ಲಂಡ್ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗ ಬರೆದದ್ದು: ಮುಂದಿನ ಪೀಳಿಗೆ ತನ್ನ ಅಗತ್ಯ ಪೂರೈಸಿಕೊಳ್ಳುವ ಶಕ್ತಿಗೆ ಕುಂದು ತಾರದಂತೆ ಇಂದಿನವರ ಅಗತ್ಯ ಪೂರೈಸುವುದು. ಗೈಡುಗಳು ಇಲ್ಲಿಗೇ ನಿಲ್ಲಿಸುತ್ತವೆ. ವರದಿ ಅದರ ಬೆನ್ನಿಗೇ ಇನ್ನೆರಡು ಮಾತು ಹೇಳುತ್ತದೆ. ಅಗತ್ಯ ಎಂದರೆ ಮುಖ್ಯವಾಗಿ ಬಡವರ ಅಗತ್ಯ, ಅದಕ್ಕೇ ಮೊದಲ ಆದ್ಯತೆ. ಎರಡನೆಯದು ಮಿತಿ, ಅಂದರೆ ಪರಿಸರ ಕೊಡಬಲ್ಲದ್ದಕ್ಕೆ ಒಂದು ಎಲ್ಲೆ ಇದೆ ಎಂಬುದು. ಈ ಎರಡನ್ನು ಬಿಟ್ಟರೆ ಉಳಿಯುವುದು ಭಾಷಣ.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಹಗೇವಿನ (ನೆಲದಡಿಯ ಕಣಜದ) ಜೋಳ ಉಣ್ಣಬಹುದು, ಬಿತ್ತನೆಗೆ ಕಟ್ಟಿಟ್ಟದ್ದನ್ನು ಉಣ್ಣಬಾರದು. ಸರ್ಕಾರದ ನೀತಿಯ ಕೆಲಸ ಎಂದರೆ ಯಾವುದು ಉಣ್ಣುವ ಜೋಳ, ಯಾವುದು ಬೀಜದ ಜೋಳ, ದಿನಕ್ಕೆ ಎಷ್ಟು ಸೇರು ಎಂದು ಅಂಕಿಯಲ್ಲಿ ಬರೆದು, ಅದಕ್ಕೆ ಒಬ್ಬ ಹೊಣೆಗಾರನನ್ನು ನಿಲ್ಲಿಸುವುದು.

ನಿಮ್ಮ ಮುನಿರಾಬಾದ್ ಕಡೆಯೇ ನೋಡಿ. 1953ರಲ್ಲಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗಿನ ಲೆಕ್ಕ 105.788 ಟಿಎಂಸಿ. ಹೋದದ್ದು ಹತ್ತಿರ ಹತ್ತಿರ 27 ಟಿಎಂಸಿ. ‘ಹೂಳು ಎತ್ತಿ’ ಎಂಬ ಬೇಡಿಕೆ ಪ್ರತಿ ಬೇಸಿಗೆ ಏಳುತ್ತದೆ, ಸರಿ; ಲೆಕ್ಕ ಹಾಕಿ ನೋಡಿ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. 27 ಟಿಎಂಸಿ ಎಂದರೆ 76 ಕೋಟಿ ಘನ ಮೀಟರ್ ಮಣ್ಣು. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್ ದಿನಕ್ಕೆ ಸಾವಿರ ಲೋಡ್ ಹೊಡೆದರೂ 200 ವರ್ಷ ಮೀರುತ್ತದೆ, ಆ ಹೊತ್ತಿಗೆ ಹೊಸ ಹೂಳು ಬಂದಿರುತ್ತದೆ. ಕಳೆದದ್ದಕ್ಕೆ ಬದಲು ಜಾಗ ಹುಡುಕಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯದ ಪ್ರಸ್ತಾವ ಬಂತು. ಅದು ಬೇಕೋ ಬೇಡವೋ ಬೇರೆ ಚರ್ಚೆ. ಆದರೆ 28 ಸಾವಿರ ಚದರ ಕಿಲೋಮೀಟರ್ ಜಲಾನಯನ ಪ್ರದೇಶದಲ್ಲಿ ಮೇಲ್ಮಣ್ಣು ಕೊಚ್ಚಿಹೋಗದಂತೆ ಬದು, ತಡೆ ಒಡ್ಡು, ಗಿಡಗಂಟಿ ಉಳಿಸದೆ ಕೆಳಗೆ ಎಷ್ಟು ಕಟ್ಟೆ ಕಟ್ಟಿದರೂ ಅದೇ ಹೂಳು ಅಲ್ಲಿಗೂ ಬರುತ್ತದೆ. ಬೀಜದ ಜೋಳ ಎಂದದ್ದು ಆ ಮೇಲ್ಮಣ್ಣನ್ನೇ.

ಪರೀಕ್ಷೆಗೆ ಬೇಕಾದ ಇಸವಿಗಳು: 1992 ರಿಯೊ ಭೂಶೃಂಗಸಭೆ. 1996ರಲ್ಲಿ ವೆಲ್ಲೂರು ಕಡೆಯ ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಮುನ್ನೆಚ್ಚರಿಕೆ’ ಮತ್ತು ‘ಕೆಡಿಸಿದವನೇ ಕಟ್ಟಬೇಕು’ ಎಂಬ ತತ್ವಗಳನ್ನು ನಮ್ಮ ಕಾನೂನಿನ ಭಾಗವೆಂದು ಹೇಳಿತು. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಸೆಕ್ಷನ್ ಈ ಎರಡರ ಜೊತೆ ಸುಸ್ಥಿರ ಅಭಿವೃದ್ಧಿಯನ್ನೂ ಹೆಸರಿಸಿ ಬರೆದಿದೆ. 2015ರಲ್ಲಿ ವಿಶ್ವಸಂಸ್ಥೆಯ 17 ಗುರಿ, 169 ಉಪಗುರಿ, ಗಡುವು 2030. ಇಲ್ಲಿ ಒಂದು ಸೂಕ್ಷ್ಮ ಇದೆ. 17 ಗುರಿಗಳು ಕಾನೂನಲ್ಲ, ಶುದ್ಧ ನೀರಿನ ಆರನೇ ಗುರಿ ಮುಟ್ಟಲಿಲ್ಲ ಎಂದು ಯಾರ ಮೇಲೂ ಕೇಸು ಹಾಕಲಾಗದು. 20ನೇ ಸೆಕ್ಷನ್ ಕಾನೂನು. ಅರ್ಜಿ ಬರೆಯುವಾಗ ಯಾವುದನ್ನು ಹಿಡಿದುಕೊಳ್ಳಬೇಕು ಎಂಬುದಕ್ಕೆ ಈ ವ್ಯತ್ಯಾಸ ಬೇಕಾಗುತ್ತದೆ.

ಗಣಿಗೆ ವರ್ಷದ ಮಿತಿ ಇದೆ ಅಂತಾರೆ, ಲಾರಿ ಮಾತ್ರ ಕಡಿಮೆ ಆಗಿಲ್ಲ. ಮಿತಿ ಹಾಕಿದ್ದು ಯಾರು? ‘ಸುಸ್ಥಿರ ಗಣಿಗಾರಿಕೆ’ ಅನ್ನೋದು ಇದೆಯಾ? — ಓದುಗರು, ಸಂಡೂರು

ಅದಿರು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಅಕ್ಷರಶಃ ಅರ್ಥದಲ್ಲಿ ಸುಸ್ಥಿರ ಗಣಿಗಾರಿಕೆ ಎಂಬುದಿಲ್ಲ. ಎಷ್ಟು ವರ್ಷಕ್ಕೆ ಹಂಚಿ ತೆಗೆಯುತ್ತೀರಿ, ಸುತ್ತಲ ಹಳ್ಳ, ಕಾಡು, ಗಾಳಿ ಏನಾಗುತ್ತದೆ, ಅದಿರು ಮುಗಿದ ಮೇಲೆ ಊರಿಗೆ ಏನು ಉಳಿಯುತ್ತದೆ ಎಂಬ ಮೂರನ್ನು ಕೇಳಬಹುದು.

ಮಿತಿ ಬಂದದ್ದು ಸುಪ್ರೀಂ ಕೋರ್ಟಿನಿಂದ. ಆಗ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ಕುರಿತ ಎರಡನೇ ವರದಿ ಬಂದದ್ದು 2011ರ ಜುಲೈನಲ್ಲಿ. ಅದೇ ತಿಂಗಳ 29ರಂದು ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪು ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿತು. ಗುತ್ತಿಗೆ ಗಡಿ ದಾಟಿ ತೋಡಿದ್ದು ಶೇ 10ರೊಳಗೆ ಅಥವಾ ಮಣ್ಣು ಸುರಿದದ್ದು ಶೇ 15ರೊಳಗೆ ಇದ್ದರೆ ಬಿ, ಅದನ್ನೂ ಮೀರಿದ್ದರೆ ಸಿ. ಸಿ ವರ್ಗದ ಗುತ್ತಿಗೆಗಳು ರದ್ದಾದವು. ಬಳ್ಳಾರಿ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ ಮಿತಿ ಬಿತ್ತು. 2017ರ ಡಿಸೆಂಬರ್‌ನಲ್ಲಿ ಅದು 2.8 ಕೋಟಿ ಆಯಿತು, 2022ರ ಆಗಸ್ಟ್‌ನಲ್ಲಿ 3.5 ಕೋಟಿ.

ಈಗ ನಿಮ್ಮ ಲಾರಿಯ ಲೆಕ್ಕ. 3.5 ಕೋಟಿ ಟನ್ನೂ ರಸ್ತೆಯಲ್ಲೇ ಹೋಯಿತು ಎಂದುಕೊಳ್ಳಿ, ಒಂದು ಲಾರಿಗೆ 20 ಟನ್, ವರ್ಷಕ್ಕೆ 300 ದಿನ. ದಿನಕ್ಕೆ 5,800 ಲೋಡ್ ದಾಟುತ್ತದೆ. ಮಿತಿ 2.5 ಕೋಟಿ ಇದ್ದಾಗ ಇದೇ ಲೆಕ್ಕ 4,200ರ ಆಸುಪಾಸು. ಖಾಲಿ ಬರುವ ಲಾರಿಯನ್ನು ಎಣಿಸಿಲ್ಲ. ಆದ್ದರಿಂದ ಮಿತಿ ಏರಿಸುವಾಗ ಕೇಳಬೇಕಾದ್ದು ಎಷ್ಟು ಟನ್ ಎಂಬುದೊಂದೇ ಅಲ್ಲ. ಕನ್ವೇಯರ್ ಬೆಲ್ಟ್, ರೈಲು ಸೈಡಿಂಗ್ ಮೇಲೆ ಎಷ್ಟು ಹೋಗುತ್ತದೆ, ರಸ್ತೆ ಮೇಲೆ ಎಷ್ಟು ಎಂಬುದೂ ಹೌದು. ಟನ್ ಏರಿ ಕನ್ವೇಯರ್ ಬರದಿದ್ದರೆ ಧೂಳು ಏರಿತು ಎಂದೇ ಅರ್ಥ.

ಗಣಿ ಮತ್ತೆ ತೆರೆಯಲು ಪ್ರತಿ ಗುತ್ತಿಗೆಗೂ ಸುಧಾರಣೆ ಮತ್ತು ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಅದರಲ್ಲಿ ಇರುವುದು ಬಹಳ ಸರಳ ಕೆಲಸ: ತ್ಯಾಜ್ಯ ಮಣ್ಣಿನ ಗುಡ್ಡೆಗೆ ಮೆಟ್ಟಿಲು ಕಡಿಯುವುದು, ಬುಡಕ್ಕೆ ಕಲ್ಲಿನ ತಡೆಗೋಡೆ, ಸುತ್ತಲೂ ಹೂಮಾಲೆಯಂತೆ ಬಳಸುವ ಕಾಲುವೆ (ಹಾರಗಾಲುವೆ), ಕೆಳಗೆ ಹೂಳು ತಂಗುವ ಗುಂಡಿ, ಕೊರಕಲುಗಳಿಗೆ ತಡೆ, ಮೇಲೆ ಗಿಡ. ಕೆಡುವುದು ಎಲ್ಲಿ ಅಂದರೆ ಹಾರಗಾಲುವೆಯಲ್ಲಿ. ಒಂದೇ ಮಳೆಗಾಲಕ್ಕೆ ಅದು ಕೆಂಪು ಹೂಳಿನಿಂದ ತುಂಬುತ್ತದೆ. ಮೇ ತಿಂಗಳೊಳಗೆ ಎತ್ತಿಸದಿದ್ದರೆ ಜೂನಿನ ನೀರು ಕಾಲುವೆ ಬಿಟ್ಟು ಗೋಡೆಯ ಹಿಂದೆ ಒತ್ತುತ್ತದೆ, ಗೋಡೆ ಉಬ್ಬಿ ಬೀಳುತ್ತದೆ, ಮಣ್ಣು ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಗೋಡೆಯಲ್ಲಿ ನೀರು ಜಿನುಗುವ ತೂತು ಇವೆಯೇ ನೋಡಿ, ಇಲ್ಲದ ಗೋಡೆ ಮೊದಲು ಬೀಳುತ್ತದೆ. ಗಿಡದ ವಿಷಯದಲ್ಲೂ ಅಷ್ಟೆ. ಮೇಲ್ಮಣ್ಣು ಬೇರೆ ಎತ್ತಿಟ್ಟುಕೊಂಡು ಮತ್ತೆ ಹರಡದೆ ಬರೀ ಕಲ್ಲುತ್ಯಾಜ್ಯದ ಮೇಲೆ ಸಸಿ ನೆಟ್ಟರೆ ಎರಡನೇ ಬೇಸಿಗೆಯಲ್ಲಿ ಕೋಲು ಉಳಿಯುತ್ತದೆ. ವರದಿಯಲ್ಲಿ ‘ನೆಟ್ಟ ಸಸಿ’ ಎಷ್ಟು ಎಂದು ಇರುತ್ತದೆ. ನೀವು ‘ಮೂರು ವರ್ಷದ ನಂತರ ಬದುಕಿದ್ದು’ ಎಷ್ಟು ಎಂದು ಕೇಳಿ.

ಗಣಿಬಾಧಿತ ಹಳ್ಳಿಗಳಿಗೆ ಬರುವ ಹಣದ ಲೆಕ್ಕ ಹೇಗೆ? ಕೇಳುವುದು ಎಲ್ಲಿ? — ಓದುಗರು, ತೋರಣಗಲ್ಲು

2015ರಲ್ಲಿ ಗಣಿ ಕಾಯ್ದೆಗೆ 9ಬಿ ಸೆಕ್ಷನ್ ಸೇರಿ ಜಿಲ್ಲಾ ಖನಿಜ ಪ್ರತಿಷ್ಠಾನ ಹುಟ್ಟಿತು. ಹಳೆಯ ಗುತ್ತಿಗೆಯವರು ರಾಜಧನದ (ರಾಯಲ್ಟಿಯ) ಶೇ 30, ಹರಾಜಿನಲ್ಲಿ ಪಡೆದವರು ಶೇ 10 ಕಟ್ಟಬೇಕು. ಕಬ್ಬಿಣದ ಅದಿರಿಗೆ ರಾಜಧನ ಸರಾಸರಿ ಮಾರಾಟ ಬೆಲೆಯ ಶೇ 15. ಬೆಲೆ ಟನ್ನಿಗೆ 3,000 ರೂಪಾಯಿ ಎಂದಿಟ್ಟುಕೊಂಡರೆ ರಾಜಧನ 450. ಹಳೆ ಗಣಿಯಿಂದ ಪ್ರತಿಷ್ಠಾನಕ್ಕೆ 135, ಹರಾಜಿನ ಗಣಿಯಿಂದ 45. ಹರಾಜಿನವರು ಸರ್ಕಾರಕ್ಕೆ ಪ್ರೀಮಿಯಂ ಬೇರೆ ಕಟ್ಟುತ್ತಾರೆ, ನಿಜ. ಆದರೆ ಅದು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಊರಿನವರು ಕುಡಿಯುವ ಧೂಳು ಎರಡು ಗಣಿಯದೂ ಒಂದೇ. ಈ ವ್ಯತ್ಯಾಸ ನಮಗೆ ಸರಿ ಕಾಣುವುದಿಲ್ಲ.

ಹಣದ ದೊಡ್ಡ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಆದ್ಯತೆಯ ಕೆಲಸಕ್ಕೆ ಹೋಗಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಗಣಿ ಮುಗಿದ ಮೇಲಿನ ಜೀವನೋಪಾಯಕ್ಕೆ ಒಂದು ಮೂಲನಿಧಿ ಇಡಬೇಕೆಂಬ ಸೂಚನೆಯೂ ಅದರಲ್ಲಿದೆ. ಕಟ್ಟಡ, ಕಮಾನುಗಳ ಗದ್ದಲದಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಇನ್ನೊಂದು ಹಣದ ದಾರಿಯೇ ಬೇರೆ: ಅದಿರು ಮಾರಾಟದಿಂದ ಕೋರ್ಟ್ ಆದೇಶದಂತೆ ತಡೆಹಿಡಿದ ಹಣಕ್ಕೆ ಪ್ರತ್ಯೇಕವಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಇದೆ. ಅರ್ಜಿ ಬರೆಯುವಾಗ ಎರಡನ್ನೂ ಬೆರೆಸಬೇಡಿ, ಒಂದರವರು ಇನ್ನೊಂದರ ಕಡೆ ಕೈ ತೋರಿಸುತ್ತಾರೆ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅನೇಕ ಅರ್ಜಿಗಳು ಇಲ್ಲೇ ತಿರಸ್ಕಾರವಾಗುತ್ತವೆ. ‘ಐದು ವರ್ಷದ ಎಲ್ಲ ವಿವರ’ ಎಂದು ಬರೆಯದೆ, ಇಂಥ ವರ್ಷ ನಮ್ಮ ಗ್ರಾಮಕ್ಕೆ ಮಂಜೂರಾದ ಕಾಮಗಾರಿಗಳ ಪಟ್ಟಿ, ಮಂಜೂರಾದ ಮತ್ತು ಖರ್ಚಾದ ಮೊತ್ತ, ಆಡಳಿತ ಸಮಿತಿಯ ನಡಾವಳಿಯ ಪ್ರತಿ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ.

ನಮ್ಮದು ಎಡದಂಡೆಯ ಕೊನೆ ಭಾಗ. ಡ್ಯಾಂ ತುಂಬಿದ ವರ್ಷವೂ ತೂಬಿಗೆ ನೀರು ಬರುವುದಿಲ್ಲ. ಇದಕ್ಕೂ ಸುಸ್ಥಿರತೆಗೂ ಏನು ಸಂಬಂಧ? — ರೈತರು, ಮಾನ್ವಿ ತಾಲ್ಲೂಕು

ಇದೇ ಸಂಬಂಧ. ಸುಸ್ಥಿರತೆ ನಾಳಿನ ಮೊಮ್ಮಗನಿಗೆ ಮಾತ್ರ ಅನ್ವಯಿಸುವ ಮಾತಲ್ಲ, ಇವತ್ತು ಅದೇ ಕಾಲುವೆಯ ಕೊನೆಯಲ್ಲಿರುವವನಿಗೂ ಅನ್ವಯಿಸುತ್ತದೆ.

227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ಬರ ನೀಗಿಸಲು ಮಾಡಿದ್ದು. ಸುಮಾರು 6 ಲಕ್ಷ ಎಕರೆಗೆ ತೆಳ್ಳಗೆ ನೀರು ಹರಡಿ ಜೋಳ, ಹತ್ತಿ, ಶೇಂಗಾದಂಥ ಬೆಳೆ ಉಳಿಸಿಕೊಳ್ಳುವುದು ಲೆಕ್ಕ. ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು. ನಾಟಿ ಭತ್ತ ಒಂದು ಹಂಗಾಮಿಗೆ ಸುಮಾರು 1,200 ಮಿಲಿಮೀಟರ್ ನೀರು ಕುಡಿಯುತ್ತದೆ, ಅಂದರೆ ಎಕರೆಗೆ 48 ಲಕ್ಷ ಲೀಟರ್. ಜೋಳಕ್ಕೆ 450 ಮಿಲಿಮೀಟರ್ ಸಾಕು. ಮೇಲ್ಭಾಗದಲ್ಲಿ ಒಂದು ಎಕರೆ ಭತ್ತ ಹೆಚ್ಚಾದರೆ ಕೆಳಗೆ ಎರಡೂವರೆ ಎಕರೆ ಜೋಳದ ನೀರು ಹೋಯಿತು. ಗಂಗಾವತಿ, ಕಾರಟಗಿಯ ರೈತರನ್ನು ಮಾತ್ರ ದೂರಿದರೆ ಅನ್ಯಾಯ. ಕಾಲುವೆಯ ಪಕ್ಕದ ಕಪ್ಪು ನೆಲ ನೀರು ಹಿಡಿದು ಜವುಳಾದ ಮೇಲೆ ಅಲ್ಲಿ ಭತ್ತ ಬಿಟ್ಟು ಬೇರೆ ಬೆಳೆ ಬರುವುದೇ ಕಷ್ಟ. ಬೆಂಬಲ ಬೆಲೆ, ಗಿರಣಿ, ಸಾಲ ಎಲ್ಲವೂ ಭತ್ತದ ಸುತ್ತಲೇ ನಿಂತಿವೆ. ಒಂದು ಇಲಾಖೆ ಭತ್ತ ಬೆಳೆಯಬೇಡ ಎನ್ನುತ್ತದೆ, ಇನ್ನೊಂದು ಭತ್ತ ಕೊಳ್ಳುತ್ತದೆ.

ನೀವು ಮಾಡಬಹುದಾದ್ದು: ನೀರಾವರಿ ಸಲಹಾ ಸಮಿತಿ ಹಂಗಾಮಿನ ಮೊದಲು ಸಭೆ ಸೇರಿ ಎಷ್ಟು ದಿನ, ಎಷ್ಟು ಕ್ಯೂಸೆಕ್ ಎಂದು ತೀರ್ಮಾನಿಸುತ್ತದೆ. ಕೊನೆ ಭಾಗದವರ ಬೇಡಿಕೆ ‘ನೀರು ಬಿಡಿ’ ಎಂದಿದ್ದರೆ ಸಾಲದು, ಡ್ಯಾಂನಿಂದ ಬಿಟ್ಟೆವು ಎಂಬ ಉತ್ತರ ಸಿದ್ಧವಿರುತ್ತದೆ. 69 ಮತ್ತು 104ನೇ ಮೈಲಿಯ ಗೇಜಿನಲ್ಲಿ ಇಷ್ಟು ಅಡಿ ನಿಲ್ಲಬೇಕು ಎಂದು ಬರೆಸಿ. ನಂತರ ದಿನಕ್ಕೆ ಎರಡು ಸಲ ಗೇಜ್ ನೋಡಿ ತಾರೀಖು, ಸಮಯ ಹಾಕಿ ನೀರು ಬಳಕೆದಾರರ ಸಂಘದ ರಿಜಿಸ್ಟರಿನಲ್ಲಿ ಬರೆಯಿರಿ. ರಾತ್ರಿ ಗೇಜ್ ಇಳಿದು ಬೆಳಿಗ್ಗೆ ಏರಿದರೆ ಮೇಲೆ ಪಂಪ್‌ಸೆಟ್, ಪೈಪು ನಡೆದಿವೆ ಎಂದು ತಿಳಿಯುತ್ತದೆ. ರಿಜಿಸ್ಟರ್ ಇದ್ದ ಕಡೆ ಎಂಜಿನಿಯರ್ ಜೊತೆ ಜಗಳ ಆಡುವ ಅಗತ್ಯ ಕಡಿಮೆ.

ಗ್ರಾಮ ಪಂಚಾಯಿತಿ ಯೋಜನೆಯಲ್ಲಿ ಸುಸ್ಥಿರ ಅಭಿವೃದ್ಧಿಯ ವಿಷಯ ಆರಿಸಿ ಎಂದಿದ್ದಾರೆ. ನಮ್ಮೂರ ನೀರಲ್ಲಿ ಫ್ಲೋರೈಡ್ ಇದೆ, ಶುದ್ಧ ನೀರಿನ ಘಟಕ ಪದೇ ಪದೇ ಕೆಡುತ್ತದೆ. ಏನು ಬರೆಸಬೇಕು? — ಪಂಚಾಯಿತಿ ಸದಸ್ಯೆ, ಕುಷ್ಟಗಿ ತಾಲ್ಲೂಕು

17 ಗುರಿಗಳನ್ನು ಪಂಚಾಯಿತಿಗೆಂದು 9 ವಿಷಯಗಳಾಗಿ ಇಳಿಸಿದ್ದಾರೆ. ಒಂಬತ್ತನ್ನೂ ಟಿಕ್ ಮಾಡುವುದು ಸಾಮಾನ್ಯ ತಪ್ಪು. ನಿಮಗೆ ಒಂದೇ ಸಾಕು: ನೀರು ಸಮೃದ್ಧ ಗ್ರಾಮ. 15ನೇ ಹಣಕಾಸು ಆಯೋಗವೇ 2021ರಿಂದ 2026ರ ಅವಧಿಯ ಅನುದಾನದಲ್ಲಿ ಶೇ 60ನ್ನು ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟಿತ್ತು. ಹಣಕ್ಕಿಂತ ಹೆಚ್ಚಾಗಿ ಸಮಸ್ಯೆ ಇರುವುದು ಏನು ಬರೆಸುತ್ತಾರೆ ಎಂಬುದರಲ್ಲಿ. ‘ಹೊಸ ಘಟಕ’ ಎಂದು ಬರೆಸಬೇಡಿ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಕೊಳವೆಬಾವಿಯಲ್ಲಿ 3 ಮಿಲಿಗ್ರಾಂ ಇದೆ ಎನ್ನಿ. ಘಟಕ 100 ಲೀಟರ್ ಎಳೆದು 50 ಲೀಟರ್ ಶುದ್ಧ ಮಾಡಿದರೆ, ಉಳಿದ 50 ಲೀಟರಿನಲ್ಲಿ ಫ್ಲೋರೈಡ್ 6ರ ಹತ್ತಿರಕ್ಕೆ ಏರುತ್ತದೆ. ಘಟಕದ ಹಿಂಬದಿಗೆ ಹೋಗಿ ನೋಡಿ: ಒಂದು ಕರಿ ಪೈಪು, ಅದರ ಬಾಯಲ್ಲಿ ಬಿಳಿ ಉಪ್ಪಿನ ಕಟ್ಟು, ಕೆಳಗೆ ಹಸಿರು ಪಾಚಿಯ ಗುಂಡಿ, ಹತ್ತು ಮಾರು ಆಚೆ ಅದೇ ಕೊಳವೆಬಾವಿ. ತಿರಸ್ಕೃತ ನೀರು ಇಂಗಿ ಮತ್ತೆ ಅದಕ್ಕೇ ಸೇರುತ್ತದೆ. ಅದನ್ನು ತೊಟ್ಟಿಗೆ ಹಿಡಿದು ಶೌಚಾಲಯ, ನೆಲ ತೊಳೆಯಲು ಕೊಡಿ. ದನದ ಬಾನಿಗೆ ಬಿಡಬೇಡಿ, ಫ್ಲೋರೈಡ್ ದನದ ಮೂಳೆ, ಹಲ್ಲನ್ನೂ ಹಿಡಿಯುತ್ತದೆ.

ಘಟಕ ಕೆಡಲು ಮುಖ್ಯ ಕಾರಣ ಗಡಸು ನೀರು. ಮೆಂಬ್ರೇನ್ (ನೀರು ಸೋಸುವ ಪೊರೆ) ಮೇಲೆ ಸುಣ್ಣ ಕಟ್ಟದಂತೆ ಬಿಡುವ ದ್ರಾವಣ ಮುಗಿದಿರುತ್ತದೆ, ಮೋಟರ್ ಓಡುತ್ತಲೇ ಇರುತ್ತದೆ, ಒತ್ತಡದ ಮುಳ್ಳು ಏರುತ್ತದೆ, ನೀರು ಸಣ್ಣಗಾಗುತ್ತದೆ. ಮೆಂಬ್ರೇನ್ ಹರಿದಿದ್ದರೆ ಇನ್ನೂ ಅಪಾಯ: ನೀರು ಧಾರಾಳ ಬರುತ್ತದೆ, ಫ್ಲೋರೈಡೂ ಹಾಗೇ ಬರುತ್ತದೆ, ರುಚಿಯಲ್ಲಿ ಗೊತ್ತಾಗುವುದಿಲ್ಲ. ರಾಸಾಯನಿಕ ಪರೀಕ್ಷೆ ವರ್ಷಕ್ಕೆ ಒಮ್ಮೆ, ಸೂಕ್ಷ್ಮಾಣು ಪರೀಕ್ಷೆ ಎರಡು ಸಲ ಆಗಬೇಕೆಂದು ಜಲಜೀವನ್ ಮಿಷನ್ ಹೇಳುತ್ತದೆ. ಸ್ಯಾಂಪಲನ್ನು ಬಾವಿಯಿಂದ ಮಾತ್ರ ಅಲ್ಲ, ಘಟಕದ ನಲ್ಲಿಯಿಂದಲೂ ತೆಗೆಸಿ. ಯೋಜನೆಯಲ್ಲಿ ಬರೆಸಬೇಕಾದ್ದು ಇವು: ನಿರ್ವಹಣೆಯ ವಾರ್ಷಿಕ ಒಪ್ಪಂದ, ಪರೀಕ್ಷೆಯ ಫಲಿತಾಂಶ ಗೋಡೆ ಮೇಲೆ ಬರೆಯುವುದು, ಶಾಲೆ ಅಂಗನವಾಡಿಗೆ ಮಳೆನೀರು ತೊಟ್ಟಿ. 100 ಚದರ ಮೀಟರ್ ಮಾಳಿಗೆ ಮೇಲೆ 500 ಮಿಲಿಮೀಟರ್ ಮಳೆ ಬಿದ್ದರೆ ಪೋಲು ಕಳೆದು ಸುಮಾರು 40 ಸಾವಿರ ಲೀಟರ್ ಸಿಗುತ್ತದೆ, ಅದರಲ್ಲಿ ಫ್ಲೋರೈಡ್ ಇರುವುದಿಲ್ಲ.

ಊರ ಪಕ್ಕ ಕಾರ್ಖಾನೆ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ಕರೆದರೆ ಬಹಿಷ್ಕರಿಸುವುದು ಒಳ್ಳೆಯದೇ? — ಓದುಗರು, ಗಿಣಿಗೇರಾ

ಬೇಡ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಬೇಕೆಂಬ ನಿಯಮ, ಇಲ್ಲ. ನೀವು ಹೋಗದಿದ್ದರೆ ‘ಆಕ್ಷೇಪ ಬಂದಿಲ್ಲ’ ಎಂದು ದಾಖಲಾಗುತ್ತದೆ. ಕಿರುಚಿ ಬಂದರೂ ಅಷ್ಟೆ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆ ವಿಡಿಯೊ ಆಗಬೇಕು, ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಆ ಓದುವ ತನಕ ಎದ್ದು ಬರಬೇಡಿ.

ಆಕ್ಷೇಪ ಲಿಖಿತವಾಗಿರಲಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ವರದಿಯಲ್ಲಿ ಮೊದಲು ನೋಡಬೇಕಾದ ಪುಟ ಗಾಳಿಯ ಅಳತೆಯದ್ದು. 24 ಗಂಟೆಯ ಸರಾಸರಿಯಲ್ಲಿ 10 ಮೈಕ್ರಾನ್ ಕಣ ಘನ ಮೀಟರಿಗೆ 100 ಮೈಕ್ರೊಗ್ರಾಂ, 2.5 ಮೈಕ್ರಾನ್ ಕಣ 60 ದಾಟಬಾರದು. ಅಳತೆ ಯಂತ್ರ ಎಲ್ಲಿ ಇಟ್ಟಿದ್ದರು? ಗಾಳಿ ಬೀಸುವ ದಿಕ್ಕಿನ ಊರಿನಲ್ಲೋ, ಅದಕ್ಕೆ ಎದುರು ದಿಕ್ಕಿನಲ್ಲೋ? ಈಗಾಗಲೇ ಇರುವ ಕಾರ್ಖಾನೆಗಳ ಹೊಗೆಯನ್ನೂ ಕೂಡಿಸಿ ಲೆಕ್ಕ ಹಾಕಿದ್ದಾರೋ, ಇದೊಂದೇ ಇದೆ ಎಂಬಂತೆ ಬರೆದಿದ್ದಾರೋ? ಒಂದೊಂದು ಕಾರ್ಖಾನೆ ಒಂಟಿಯಾಗಿ ಮಿತಿಯೊಳಗೆ ಇರಬಹುದು, ಊರವರ ಪುಪ್ಪುಸಕ್ಕೆ ಎಲ್ಲರದೂ ಒಟ್ಟಿಗೆ ಹೋಗುತ್ತದೆ. ಅನುಮತಿ ಸಿಕ್ಕರೆ 30 ದಿನದೊಳಗೆ ಚೆನ್ನೈನ ಹಸಿರು ಪೀಠಕ್ಕೆ ಮೇಲ್ಮನವಿ.

ರಾಯಚೂರು ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಮೇಲಿನ ರ‍್ಯಾಂಕ್ ಪಡೆದರೆ ಮುಂದುವರಿದಂತೆಯೇ? — ಶಿಕ್ಷಕರು, ಲಿಂಗಸುಗೂರು

ಇಲ್ಲ. ಹಿಂದುಳಿದ ಜಿಲ್ಲೆಗಳಿಗೆಂದು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಶುರು ಮಾಡಿದ ಆ ಕಾರ್ಯಕ್ರಮದಲ್ಲಿ ತಿಂಗಳ ರ‍್ಯಾಂಕ್ ಸಿಗುವುದು ಹಿಂದಿನಕ್ಕಿಂತ ಎಷ್ಟು ಸುಧಾರಿಸಿತು ಎಂಬುದಕ್ಕೆ. 20 ಅಂಕದಿಂದ 30ಕ್ಕೆ ಬಂದ ಹುಡುಗ ಓಟದಲ್ಲಿ ಮೊದಲು, ಪಾಸಂತೂ ಅಲ್ಲ.

ಸವಳು ಹೊಲಕ್ಕೆ ಎರಡು ವರ್ಷ ಜಿಪ್ಸಂ ಹಾಕಿದೆ, ಫಲ ಕಾಣಲಿಲ್ಲ. — ರೈತರು, ಸಿಂಧನೂರು

ಮಣ್ಣು ಪರೀಕ್ಷೆ ಮಾಡಿಸದೆ ಹಾಕಿದ್ದೀರಿ ಅನ್ನಿಸುತ್ತದೆ. ಲವಣಾಂಶ ಮೀಟರಿಗೆ 4 ಡೆಸಿಸೈಮನ್ ದಾಟಿ, ರಸಸಾರ (ಪಿಎಚ್) 8.5ರ ಒಳಗಿದ್ದರೆ ಅದು ಬರೀ ಉಪ್ಪಿನ ನೆಲ. ಜಿಪ್ಸಂ ಅದಕ್ಕೆ ಮದ್ದಲ್ಲ, ಉಪ್ಪನ್ನು ತೊಳೆದು ಹೊರಹಾಕಬೇಕು. ರಸಸಾರ 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಮಾತ್ರ ಜಿಪ್ಸಂ, ಅದೂ ವರದಿಯಲ್ಲಿ ಬರೆದಷ್ಟು. 0–15 ಮತ್ತು 15–30 ಸೆಂಟಿಮೀಟರ್ ಆಳದಿಂದ ಬೇರೆ ಬೇರೆ ಸ್ಯಾಂಪಲ್ ತೆಗೆದು ಕೊಡಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು–ಜವುಳು ನೆಲದ ಮೇಲೆಯೇ ಕೆಲಸ ಮಾಡುತ್ತದೆ, ವರದಿ ಹಿಡಿದು ಅಲ್ಲಿಗೆ ಹೋಗಿ.

ಜಿಪ್ಸಂ ಸರಿಯಾದ ನೆಲದಲ್ಲೇ ಹಾಕಿದ್ದರೂ ನೀರಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಬಿಡಿಸಿದ ಸೋಡಿಯಂ ಅಲ್ಲೇ ಕೂತು, ಬೇಸಿಗೆಯಲ್ಲಿ ಮತ್ತೆ ಮೇಲೆ ಬಿಳಿಯಾಗಿ ಏಳುತ್ತದೆ. ಒಬ್ಬರ ಹೊಲದಲ್ಲಿ ಮಾತ್ರ ಬಸಿಗಾಲುವೆ ತೋಡಿದರೆ ಪಕ್ಕದವರ ನೀರೆಲ್ಲ ಅದಕ್ಕೇ ಬರುತ್ತದೆ, ಹಳ್ಳದವರೆಗಿನ ನಾಲ್ಕಾರು ಹೊಲದವರು ಸೇರಿಯೇ ಮಾಡಬೇಕು. ಭತ್ತದ ಮೊದಲು ಹಸಿರೆಲೆ ಗೊಬ್ಬರದ ಗಿಡವಾದ ಡಯಾಂಚ ಬಿತ್ತಿ 45–50 ದಿನಕ್ಕೆ ಮಣ್ಣಿಗೆ ಮುರಿಯಿರಿ. ಎಲ್ಲಕ್ಕೂ ಮುಂಚೆ, ಈಗಿರುವ ಬಸಿಗಾಲುವೆ ಹಳ್ಳಕ್ಕೆ ಬೀಳುವ ಬಾಯಿಯ ತನಕ ಒಮ್ಮೆ ನಡೆದು ನೋಡಿ. ಅಲ್ಲಿ ಜೊಂಡು ಬೆಳೆದು ಮುಚ್ಚಿದ್ದರೆ ಈ ವರ್ಷದ ಜಿಪ್ಸಂ ದುಡ್ಡನ್ನು ಅದನ್ನು ಕೀಳಿಸಲು ಖರ್ಚು ಮಾಡಿ.